‘ಫೈಟ್ ವಿತ್’ ಅಂದರೆ ಎದುರಾ, ಜೊತೆಗಾ?

ನಮಸ್ಕಾರ. ‘ಫೈಟ್ ವಿತ್’ ಅಂದರೆ ಒಬ್ಬರ ವಿರುದ್ಧ ಕಾದಾಡುವುದಾ, ಅವರ ಜೊತೆ ಸೇರಿ ಕಾದಾಡುವುದಾ ಎಂದು ಕೇಳಿದ್ದೀರಿ. ಎರಡೂ ಹೌದು. ನಿಮ್ಮ ಗೊಂದಲಕ್ಕೆ ಕಾರಣವೂ ಅದೇ.

1799ರ ಶ್ರೀರಂಗಪಟ್ಟಣದ ಯುದ್ಧವನ್ನೇ ತೆಗೆದುಕೊಳ್ಳಿ. ‘ದಿ ನಿಜಾಮ್ ಫಾಟ್ ವಿತ್ ದಿ ಬ್ರಿಟಿಷ್’ ಎಂದು ಬರೆದರೆ, ನಿಜಾಮನ ಸೇನೆ ಬ್ರಿಟಿಷರ ಪರ ನಿಂತು ಟಿಪ್ಪು ಮೇಲೆ ಹೋಯಿತು ಎಂದರ್ಥ. ‘ಟಿಪ್ಪು ಫಾಟ್ ವಿತ್ ದಿ ಬ್ರಿಟಿಷ್’ ಎಂದರೆ ಅವರ ವಿರುದ್ಧ. ವಾಕ್ಯ ಒಂದೇ ಥರ, ಅರ್ಥ ಪೂರಾ ಉಲ್ಟಾ. ಇತಿಹಾಸ ಗೊತ್ತಿಲ್ಲದವರು ಹೇಗೆ ತಿಳಿಯಬೇಕು? ಅದಕ್ಕೇ ಬರೆಯುವಾಗ ವಿರುದ್ಧ ಎನ್ನಲು ‘ಅಗೇನ್ಸ್ಟ್’, ಜೊತೆಗೂಡಿ ಎನ್ನಲು ‘ಅಲಾಂಗ್‌ಸೈಡ್’ ಬಳಸಿ.

ನಮ್ಮ ‘ಜೊತೆ’ಗೂ ಇದೇ ಗುಣ ಇದೆ, ಅಲ್ವಾ? ‘ತಮ್ಮನ ಜೊತೆ ಜಗಳ ಆಡಿದೆ’ ಅಂದರೆ ಅವನೇ ಎದುರಾಳಿ. ‘ತಮ್ಮನ ಜೊತೆ ಸೇರಿ’ ಅಂದ ಕೂಡಲೇ ಅವನು ನಮ್ಮ ಕಡೆ. ಆ ಪುಟ್ಟ ‘ಸೇರಿ’ ಮಾಡುವ ಕೆಲಸ ನನಗೆ ತುಂಬಾ ಇಷ್ಟ.

ಇನ್ನೊಂದು ಮಾತು. ‘ಐ ಹ್ಯಾಡ್ ಎ ಫೈಟ್ ವಿತ್ ಮೈ ಸಿಸ್ಟರ್’ ಎಂದರೆ ಹೊಡೆದಾಟವೇ ಆಗಿರಬೇಕಿಲ್ಲ, ಬರೀ ಮಾತಿನ ಜಗಳ ಇರಬಹುದು. ನಮಗೆ ‘ಫೈಟ್’ ಅಂದ ತಕ್ಷಣ ಸಿನಿಮಾದ ಹೊಡೆದಾಟ ಕಣ್ಣಿಗೆ ಬರುತ್ತದೆ, ಹಾಗಾಗಿ ಇಲ್ಲಿ ಎಡವುವವರು ಜಾಸ್ತಿ. ಆಫೀಸಿನ ಮೇಲ್‌ನಲ್ಲಿ ಆ ಪದ ಬೇಡ, ‘ಡಿಸಗ್ರೀಮೆಂಟ್’ ಸಾಕು. ಮತ್ತೆ, ಭೂತಕಾಲ ‘ಫಾಟ್’. ‘ಫೈಟೆಡ್’ ಎಂಬ ರೂಪ ಇಲ್ಲ.