ಗೊಣ್ಣೆ ಹುಳುವಿನ ಹೆಸರು ಹೇಳುವ ಮೊದಲು ಅದರ ಹಿಂಭಾಗ ನೋಡಿ

ಭಟ್ಟರೇ, ಗೊಬ್ಬರದ ಗುಂಡಿಯಲ್ಲಿ ಸಿಕ್ಕ ಬಿಳಿ ಗೊಣ್ಣೆ ಹುಳುವಿನ ಚಿತ್ರವನ್ನು ನಮ್ಮ ಗುಂಪಿನಲ್ಲಿ ಹಾಕಿ, ಅಡಿಕೆಯ ಬೇರುಹುಳು ಇದೇ ತಾನೇ, ಕ್ಲೋರ್‌ಪೈರಿಫಾಸ್ ಕೀಟನಾಶಕ ಸುರಿಯಲೇ ಎಂದು ಕೇಳಿದ್ದೀರಿ. ದಯವಿಟ್ಟು ಸುರಿಯಬೇಡಿ. ನಮ್ಮಲ್ಲೂ ಹೀಗೆಯೇ ಗುಂಡಿಗೆ ಔಷಧಿ ಹಾಕಿ, ತೋಟದಲ್ಲಿ ಬೇರು ತಿನ್ನುತ್ತಿದ್ದ ಹುಳುವನ್ನು ಬಿಟ್ಟೇಬಿಟ್ಟಿದ್ದೆವು.

ಗೊಣ್ಣೆ ಹುಳುಗಳೆಲ್ಲ ದುಂಬಿಗಳ ಮರಿಗಳು. ಬಿಳಿ ಮೈ, ಕೆಂಪು ತಲೆ, ಬಾಗಿದ ಬೆನ್ನು ಈ ಬಳಗದ ಎಲ್ಲದಕ್ಕೂ ಇದೆ. ಗಾತ್ರವನ್ನೂ ನಂಬಬೇಡಿ. ತಿಂದಂತೆ ಮೈ ಉಬ್ಬುತ್ತದೆ, ತಲೆಯ ಚಿಪ್ಪು ಮಾತ್ರ ಪೊರೆ ಕಳಚಿದಾಗಲೇ ದೊಡ್ಡದಾಗುತ್ತದೆ. ಆದ್ದರಿಂದ ತಲೆಯ ಅಗಲ ಅಳೆದು, ಮೂರನೆಯ ಹಂತದ (ಎರಡು ಬಾರಿ ಪೊರೆ ಕಳಚಿದ) ಹುಳುವನ್ನೇ ಆರಿಸಿ.

ಅದನ್ನು ಅಂಗಾತ ಮಲಗಿಸಿ ಕೊನೆಯ ಖಂಡದ ಅಡಿಭಾಗ ನೋಡಿ. ಗುದದ ಸೀಳು ಅಡ್ಡಗೆರೆಯಂತಿದ್ದರೆ ಕುರುವಾಯಿ (ಕೊಂಬಿನ ದುಂಬಿ), ಹೂದುಂಬಿ ಅಥವಾ ಅನಾಮಲಾ ಕುಲದ ದುಂಬಿಯ ಮರಿ ಇರಬಹುದು. ವೈ ಅಕ್ಷರದಂತೆ ಕವಲೊಡೆದಿದ್ದರೆ ಅಥವಾ ಕೋನವಾಗಿ ಮುರಿದಿದ್ದರೆ ಮೆಲೊಲಾಂತಿನೇ ಉಪಕುಟುಂಬ, ಅಂದರೆ ನಮ್ಮ ಬೇರುಹುಳುಗಳಾದ ಲ್ಯೂಕೋಫೋಲಿಸ್, ಹೊಲೊಟ್ರೈಕಿಯಾ ಕುಲಗಳಿರುವ ಗುಂಪು. ಸೀಳಿನ ಮುಂದೆ ಮುಳ್ಳುಗೂದಲಿನ ಎರಡು ಸಾಲು (ಪ್ಯಾಲಿಡಿಯಾ) ಇವೆಯೇ, ಸಮಾನಾಂತರವೇ, ತುದಿಯಲ್ಲಿ ಹತ್ತಿರ ಬರುತ್ತವೆಯೇ, ಸಾಲಿಗೆ ಎಷ್ಟು ಮುಳ್ಳು ಎಂದು ಬರೆದಿಡಿ. ಸಾಲು ಕಂಡಿತೆಂದು ಬೇರುಹುಳು ಎಂದುಬಿಡಬೇಡಿ, ಅನಾಮಲಾದಲ್ಲೂ ಸಾಲುಗಳಿರುತ್ತವೆ. ಮೇಜಿನ ಮೇಲೆ ಬಿಟ್ಟಾಗ ಬೆನ್ನ ಮೇಲೆಯೇ ತೆವಳಿಕೊಂಡು ಹೋದರೆ ಅದು ಹೂದುಂಬಿಯ ಮರಿ. ಗೊಬ್ಬರವನ್ನು ಪುಡಿ ಮಾಡಿಕೊಡುವ ಜೀವಿ, ಕೊಲ್ಲಬೇಡಿ.

ಕೀಟತಜ್ಞ ಪಾಲ್ ರಿಚರ್ 1966ರಲ್ಲಿ ಪ್ರಕಟಿಸಿದ ಗುರುತಿನ ಕೋಷ್ಟಕ ಉತ್ತರ ಅಮೆರಿಕದ ಮರಿಗಳದ್ದು. ಉಪಕುಟುಂಬದವರೆಗೆ ನೆರವಾಗುತ್ತದೆ, ಅದರಿಂದ ನಮ್ಮ ಜಾತಿಗೆ ಹೆಸರಿಟ್ಟರೆ ತಪ್ಪಾಗುವುದು ಖಂಡಿತ. ನಮ್ಮ ಗುಂಪಿನಲ್ಲಿ ಎಷ್ಟು ಬಾರಿ ಹೇಳಿದರೂ ಅದನ್ನೇ ಹಿಡಿದು ಜಾತಿ ಘೋಷಿಸುವವರಿದ್ದಾರೆ!

ಈಗ ಮುಖ್ಯ ವಿಷಯ, ಹುಳುವನ್ನು ಕೆಡದಂತೆ ಇಡುವುದು. ಜೀವಂತ ಹುಳುವನ್ನು ನೇರವಾಗಿ ಸ್ಪಿರಿಟ್‌ಗೆ ಹಾಕಬೇಡಿ, ಸ್ಯಾನಿಟೈಸರ್‌ಗಂತೂ ಬೇಡವೇ ಬೇಡ. ಮೈ ಕಪ್ಪಾಗಿ ಕುಗ್ಗುತ್ತದೆ, ಕೂದಲಿನ ವಿನ್ಯಾಸ ಕಾಣುವುದಿಲ್ಲ. ಕುದಿದ ನೀರನ್ನು ಒಲೆಯಿಂದ ಇಳಿಸಿ, ಹುಳುವನ್ನು ಹಾಕಿ, ಮೈ ಬಿಗಿದ ಕೂಡಲೇ ತೆಗೆಯಿರಿ. ಒಲೆಯ ಮೇಲೆಯೇ ಬಿಟ್ಟರೆ ಚರ್ಮ ಒಡೆಯುತ್ತದೆ. ಮೃದು ಕುಂಚದಿಂದ ಮಣ್ಣು ತೊಳೆದು ಶೇ 70–80ರ ಎಥನಾಲ್‌ನಲ್ಲಿಡಿ. ಊರು, ದಿನಾಂಕ, ಯಾವ ಗಿಡದ ಬುಡ ಎಂಬುದನ್ನು ಪೆನ್ಸಿಲ್‌ನಲ್ಲಿ ಬರೆದ ಚೀಟಿ ಸೀಸೆಯ ಒಳಗೇ ಇರಲಿ, ಪೆನ್ನಿನ ಶಾಯಿ ಕರಗಿಹೋಗುತ್ತದೆ.

ನೋಡಲು 10 ಪಟ್ಟಿನ ಕೈಮಸೂರ ಸಾಕು. ಫೋಲ್ಡ್‌ಸ್ಕೋಪ್ (ಕಾಗದದ ಸೂಕ್ಷ್ಮದರ್ಶಕ) ಒಳ್ಳೆಯ ಸಾಧನವೇ, ಆದರೆ 140 ಪಟ್ಟು ಹಿಗ್ಗಿಸಿದರೆ ಮುಳ್ಳು ಕಂಡೀತು, ಸಾಲು ಕಾಣದು.

ಅದೇ ಗುಂಡಿಯ ಇನ್ನೂ ಕೆಲವು ಹುಳುಗಳನ್ನು ತೇವದ ಮಣ್ಣಿನಲ್ಲಿ ಸಾಕಿ, ಡಬ್ಬಿಗೆ ಒಂದೇ. ಒಟ್ಟಿಗಿಟ್ಟರೆ ಕಚ್ಚಿಕೊಂಡು ಸಾಯುತ್ತವೆ. ಗುಂಡಿಯ ಹುಳುವಿಗೆ ಅದೇ ಗೊಬ್ಬರ, ಬೇರುಹುಳುವಿಗೆ ಕ್ಯಾರೆಟ್ ಚೂರು. ದುಂಬಿ ಹೊರಬಂದಾಗ ಕೋಶದ ಗೂಡಿನಲ್ಲಿ ಸುಕ್ಕುಗಟ್ಟಿದ ಹಳೆಯ ಪೊರೆ ಉಳಿದಿರುತ್ತದೆ. ಅದನ್ನು ಎಸೆಯಬೇಡಿ! ತಲೆಯ ಚಿಪ್ಪೂ ಹಿಂಭಾಗದ ಮುಳ್ಳುಗಳೂ ಅದರಲ್ಲಿರುತ್ತವೆ, ದುಂಬಿಯ ಜೊತೆಗೇ ಇಟ್ಟರೆ ಯಾವ ಮರಿ ಯಾವ ದುಂಬಿಯಾಯಿತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ನಮ್ಮ ಕಡೆಯ ಎಷ್ಟೋ ಜಾತಿಗಳ ಮರಿಯನ್ನು ಯಾರೂ ವಿವರಿಸಿಲ್ಲ.

ಜಾತಿ ತಿಳಿಯದೆ ಔಷಧಿಯ ಕಾಲವೂ ತಿಳಿಯದು. ಲ್ಯೂಕೋಫೋಲಿಸ್ ಕೋನಿಯೋಫೊರಾ ವರ್ಷಕ್ಕೊಂದು ತಲೆಮಾರು ಮುಗಿಸುತ್ತದೆ, ಮುಂಗಾರಿನ ಮೊದಲ ಮಳೆಗೆ ಮುಸ್ಸಂಜೆಯಲ್ಲಿ ದುಂಬಿ ಏಳುತ್ತದೆ. ಅದೇ ಕುಲದಲ್ಲಿ ಎರಡು ವರ್ಷ ಹಿಡಿಯುವವೂ ಇವೆ. ನೀವು ಮೊದಲು ಸೀಳು ಕಾಣುವಂತೆ ಅಡಿಭಾಗದ ಚಿತ್ರ ಹಾಕಿ, ಜೊತೆಗೆ ಅಡಿಕೆ ಮರದ ಬುಡ ಅಗೆದು ಅಲ್ಲಿನ ಹುಳುವಿನದ್ದೂ ಇರಲಿ.