ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಕೊಟ್ಟರೆ ರಾಯಚೂರು, ಕೊಪ್ಪಳ ಕಡೆ ಚಿಕ್ಕ ವಯಸ್ಸಿನ ಬಸಿರು ನಿಲ್ಲುತ್ತದೆಯೇ?

ಪಾಠ ಬೇಕೇ ಬೇಕು, ಆದರೆ ಅದೊಂದರಿಂದ ಆಗುವುದಿಲ್ಲ. ನಮ್ಮ ಕಡೆ ಇಂಥ ಬಸಿರಿನ ಹಿಂದೆ ಹೆಚ್ಚಾಗಿ ಬಾಲ್ಯವಿವಾಹ ಇರುತ್ತದೆ. ಮಳೆ ಕೈಕೊಟ್ಟ ವರ್ಷ ಅಪ್ಪ ಅಮ್ಮ ಬೆಂಗಳೂರಿಗೆ ದುಡಿಯಲು ಗುಳೆ ಹೋಗುತ್ತಾರೆ. "ವಯಸ್ಸಿಗೆ ಬಂದ ಹುಡುಗಿನ ಯಾರ ಹತ್ರ ಬಿಟ್ಟು ಹೋಗೋಣ?" ಅನ್ನುವ ಭಯಕ್ಕೆ ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಟ್ಟುಬಿಡುತ್ತಾರೆ. ಮದುವೆಯಾದ ಮೇಲೆ ಓಣಿಯವರದು ಒಂದೇ ಪ್ರಶ್ನೆ: "ಏನಾದ್ರೂ ವಿಶೇಷ ಐತೇನು?" ಆ ಒತ್ತಡದಲ್ಲಿ ಹುಡುಗಿಗೆ ನುಂಗುವ ಮಾತ್ರೆ, ಕಾಂಡೋಮ್ ಬಗ್ಗೆ ಗೊತ್ತಿದ್ದರೂ ಬಾಯಿ ಬಿಡಲು ಆಗುವುದಿಲ್ಲ.

ನಾನು ಹತ್ತನೇ ತರಗತಿಯಲ್ಲಿದ್ದಾಗ ಸಂತಾನೋತ್ಪತ್ತಿ ಪಾಠ ಬಂದಾಗ ಮೇಷ್ಟ್ರು ಹೂವಿನ ಪರಾಗ ತನಕ ಹೇಳಿ, "ಉಳಿದದ್ದು ಮನೇಲಿ ಓದ್ಕೊಳ್ಳಿ" ಅಂದರು. ಹುಡುಗರು ಹಿಂದೆ ಕೂತು ಕಿಸಕ್ಕನೆ ನಕ್ಕರು. ನಮಗೆ ತಲೆ ಎತ್ತಲೂ ಆಗಲಿಲ್ಲ. ಅಲ್ಲೇ ತಪ್ಪುತ್ತಿರುವುದು. ಹುಡುಗರಿಗೂ ಇದನ್ನು ಕಲಿಸಬೇಕು, ಅಲ್ವಾ? ಪಾಠ ಕೇಳಿದರೆ ಮಕ್ಕಳು ಕೆಡುತ್ತಾರೆ ಅನ್ನುವುದು ಸುಳ್ಳು. ಸರಿಯಾಗಿ ಕಲಿಸಿದ ಕಡೆ ಲೈಂಗಿಕ ಸಂಬಂಧ ಬೇಗ ಶುರುವಾಗುವುದಿಲ್ಲ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ.

ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ಸ್ನೇಹ ಕ್ಲಿನಿಕ್ ಇವೆ. ಅಲ್ಲಿಗೆ ಹೋಗಲು ಜಾಸ್ತಿ ಅಡ್ಡ ಬರುವುದು ನಾಚಿಕೆ, ಪರಿಚಯದವರು ನೋಡಿಬಿಟ್ಟರೆ ಅನ್ನುವ ಹೆದರಿಕೆ. ಜೊತೆಗೆ ಅಮ್ಮನೋ ಆಶಾ ಅಕ್ಕನೋ ಹೋದರೆ ಎಷ್ಟೋ ಸಲೀಸು. ಹುಡುಗಿ ಪಿಯುಸಿಗೆ ಹೋಗಲು ಹಾಸ್ಟೆಲ್ ಸಿಕ್ಕರೆ ಮದುವೆ ಮಾತು ತಾನಾಗಿ ಮುಂದೆ ಹೋಗುತ್ತದೆ. ನಿಮ್ಮ ಓಣಿಯಲ್ಲಿ 18 ತುಂಬದವಳ ಮದುವೆ ಗೊತ್ತಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.