ನಮ್ಮ ಸಂಗೀತ ಸಭೆಯ ವೆಬ್‌ಸೈಟಿಗೆ ಗೂಗಲ್ ಕ್ಯಾಲೆಂಡರ್ ಎಂಬೆಡ್ ಮಾಡುವುದಾ, ಪ್ಲಗಿನ್ ಹಾಕುವುದಾ?

ನಿಮ್ಮದು ಸಂಗೀತ ಸಭೆ, ನಮ್ಮದು ಹವ್ಯಾಸಿ ನಾಟಕ ತಂಡ. ವ್ಯತ್ಯಾಸ ಅಷ್ಟೇ. "ಕಾರ್ಯಕ್ರಮಗಳೆಲ್ಲ ಈಗಾಗಲೇ ನನ್ನ ಗೂಗಲ್ ಕ್ಯಾಲೆಂಡರಿನಲ್ಲಿವೆ, ಅದನ್ನೇ ಸೈಟಿಗೆ ಅಂಟಿಸಿದರೆ ಆಯ್ತಲ್ವಾ" ಎಂದು ಬರೆದಿದ್ದೀರಿ ನೋಡಿ, ಆ ಸಾಲು ಓದಿ ನನಗೆ ಬೆವರು ಬಂತು. 2018ರಲ್ಲಿ ನಮ್ಮ ತಂಡದ ಮೀಟಿಂಗಿನಲ್ಲಿ ನಾನು ಹೇಳಿದ್ದೂ ಇದೇ ಮಾತು.

ಆಗ ನಾನು ಮೈಸೂರಿನಲ್ಲಿದ್ದೆ. ತಂಡದಲ್ಲಿ ಕಂಪ್ಯೂಟರ್ ಬಲ್ಲವನು ನಾನೊಬ್ಬನೇ ಎಂದು ಎಲ್ಲರ ನಂಬಿಕೆ. ನನಗೆ ಬರುತ್ತಿದ್ದದ್ದು ಎಕ್ಸೆಲ್. ಆದರೂ ವೆಬ್‌ಸೈಟ್ ನನ್ನ ತಲೆಗೆ ಬಿತ್ತು. ತಾಲೀಮು, ಪ್ರದರ್ಶನ, ರಂಗಮಂದಿರದ ಬುಕಿಂಗ್ ಎಲ್ಲವನ್ನೂ ನನ್ನ ಜೀಮೇಲಿನ ಕ್ಯಾಲೆಂಡರಿನಲ್ಲೇ ಬರೆದುಕೊಳ್ಳುತ್ತಿದ್ದೆ. ಅದರ ಸೆಟ್ಟಿಂಗ್ಸ್‌ನಲ್ಲಿ 'ಇಂಟಿಗ್ರೇಟ್ ಕ್ಯಾಲೆಂಡರ್' ಎಂಬ ಭಾಗವಿದೆ. ಅಲ್ಲಿ 'ಎಂಬೆಡ್ ಕೋಡ್' ಸಿಕ್ಕಿತು, ಕ್ಯಾಲೆಂಡರನ್ನು ಬೇರೆ ಸೈಟಿನ ಪುಟದೊಳಗೆ ತೋರಿಸುವ ಕೋಡು. ಕಾಪಿ ಮಾಡಿದೆ, ಪೇಸ್ಟ್ ಮಾಡಿದೆ. ಸೈಟಿನಲ್ಲಿ ತಿಂಗಳ ಕ್ಯಾಲೆಂಡರ್ ಬಂದು ಕೂತಿತು. ಹತ್ತು ನಿಮಿಷದ ಕೆಲಸ. ಎಲ್ಲರೂ ಬೆನ್ನು ತಟ್ಟಿದರು.

ಆ ತಿಂಗಳು ಕಲಾಮಂದಿರದ ಪಕ್ಕದ ಕಿರುರಂಗಮಂದಿರದಲ್ಲಿ ಹೊಸ ನಾಟಕ, ಎರಡು ಪ್ರದರ್ಶನ. ಕರಪತ್ರ ಅಚ್ಚಿಗೆ ಹೋಗುವಾಗ ಎರಡನೆಯ ದಿನ ಇನ್ನೂ ಖಚಿತವಾಗಿರಲಿಲ್ಲ. "ದಿನ, ಸಮಯಕ್ಕೆ ನಮ್ಮ ವೆಬ್‌ಸೈಟ್ ನೋಡಿ ಅಂತ ಹಾಕಿಬಿಡೋಣ, ಕ್ಯಾಲೆಂಡರ್ ಇದೆಯಲ್ಲ" ಎಂದೆ. ಹಾಗೇ ಹಾಕಿದೆವು. ಮೊದಲ ದಿನ ಪರದೆ ಸರಿಸಿ ನೋಡಿದರೆ 14 ಜನ. ಅದರಲ್ಲಿ 9 ಜನ ಕಲಾವಿದರ ಮನೆಯವರು.

ನಾಟಕ ಮುಗಿದ ಮೇಲೆ ಒಬ್ಬ ಮೇಷ್ಟ್ರು ಬಂದು, "ನಿಮ್ಮ ಸೈಟಿನಲ್ಲಿ ಏನೂ ಕಾಣಲಿಲ್ಲವಲ್ಲಪ್ಪ, ಫೋನ್ ಮಾಡಿ ಕೇಳ್ಕೊಂಡು ಬಂದೆ" ಎಂದರು. ನನ್ನ ಫೋನ್ ತೆಗೆದು ತೋರಿಸಿದೆ, ಎಲ್ಲ ಇದೆ. ಅವರ ಫೋನಿನಲ್ಲಿ ಕ್ಯಾಲೆಂಡರ್ ಇದೆ, ಒಳಗೆ ಏನೂ ಇಲ್ಲ. ನನ್ನ ಕ್ಯಾಲೆಂಡರ್ ಖಾಸಗಿಯಾಗಿತ್ತು. ನಾನು ನನ್ನದೇ ಜೀಮೇಲಿಗೆ ಲಾಗಿನ್ ಆಗಿರುತ್ತಿದ್ದರಿಂದ ನನಗೆ ಮಾತ್ರ ಕಾಣುತ್ತಿತ್ತು. ಕೋಡ್ ಅಂಟಿಸಿದರೆ ಕಿಟಕಿ ಇಟ್ಟಂತೆ ಅಷ್ಟೇ. ಕಿಟಕಿ ತೆರೆಯುವುದು ಬೇರೆ ಕಡೆ, 'ಆಕ್ಸೆಸ್ ಪರ್ಮಿಷನ್ಸ್' ಎಂಬಲ್ಲಿ.

ಇಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಗ್ರೀನ್ ರೂಮಿನಲ್ಲೇ ಯಾರದೋ ಲ್ಯಾಪ್‌ಟಾಪ್ ಇಸ್ಕೊಂಡು 'ಮೇಕ್ ಅವೈಲಬಲ್ ಟು ಪಬ್ಲಿಕ್' ಟಿಕ್ ಮಾಡಿದೆ. ಎಲ್ಲ ಕಾರ್ಯಕ್ರಮವೂ ಜಗತ್ತಿಗೆ ಕಾಣುತ್ತದೆ, ಗೂಗಲ್ ಹುಡುಕಾಟದಲ್ಲೂ ಸಿಗಬಹುದು ಎಂದು ಒಂದು ಎಚ್ಚರಿಕೆ ಬಂತು. ಬೇಕಾದದ್ದೇ ಅದು ಅಂದುಕೊಂಡು ಓಕೆ ಒತ್ತಿದೆ.

ಮರುದಿನ ಮಧ್ಯಾಹ್ನ ನಿರ್ದೇಶಕರ ಫೋನ್. "ಬುಧವಾರ ನಿನಗೆ ರೂಟ್ ಕೆನಾಲ್ ಅಂತೆ, ತಾಲೀಮಿಗೆ ಬರ್ತೀಯ?" ನನಗೆ ಅರ್ಥವಾಗಲಿಲ್ಲ. ಸೈಟ್ ತೆರೆದೆ. ನಾಟಕದ ದಿನಾಂಕದ ಕೆಳಗೆ ಚೀಟಿ ಕಂತು. ಅದರ ಕೆಳಗೆ "ಮ್ಯಾನೇಜರ್ ಹತ್ರ ಇನ್‌ಕ್ರಿಮೆಂಟ್ ಮಾತಾಡು". ಭಾನುವಾರ 11 ಗಂಟೆಗೆ "ನಂಜನಗೂಡು, ಹೆಣ್ಣು ನೋಡಲು". ಎರಡನೆಯ ಪ್ರದರ್ಶನಕ್ಕೆ ಜನ ಬಂದರು, ಸುಳ್ಳು ಹೇಳಬಾರದು. ನಂಜನಗೂಡಿನ ವಿಷಯ ಕೇಳಿಕೊಂಡೇ ಬಂದರು.

ನಾನು ಮಾಡಿದ ತಪ್ಪು ಯಾವುದು ಅಂದುಕೊಂಡಿರಿ? ಪಬ್ಲಿಕ್ ಮಾಡದೇ ಇದ್ದದ್ದಲ್ಲ. ಮಾಡಿದ್ದೂ ಅಲ್ಲ. ತಂಡದ ಕಾರ್ಯಕ್ರಮವನ್ನು ನನ್ನ ಸ್ವಂತ ಕ್ಯಾಲೆಂಡರಿನಲ್ಲಿ ಬರೆದದ್ದು. ಇದನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಈಗ ಅಲ್ಲೇ ಇದ್ದೀರಿ. ಪಬ್ಲಿಕ್ ಎನ್ನುವುದು ಇಡೀ ಕ್ಯಾಲೆಂಡರಿಗೆ ಅನ್ವಯಿಸುತ್ತದೆ. ಒಂದೊಂದು ಎಂಟ್ರಿಯನ್ನು 'ಪ್ರೈವೇಟ್' ಮಾಡಬಹುದು, ಆದರೆ ಪ್ರತಿ ಸಲ ನೆನಪಿಟ್ಟು ಮಾಡಬೇಕು. ಒಂದು ಮರೆತರೆ ಹಲ್ಲಿನ ಡಾಕ್ಟರು ಸೈಟಿಗೆ ಬಂದರು ಅಂತಲೇ. ವಿವರ ಮುಚ್ಚಿ ಬರೀ ಬಿಡುವಿದೆಯೋ ಇಲ್ಲವೋ ತೋರಿಸುವ ಆಯ್ಕೆಯೂ ಇದೆ. ಅದನ್ನು ಹಾಕಿದರೆ ನಿಮ್ಮ ಸಂಗೀತ ಕಛೇರಿಗಳೆಲ್ಲ 'ಬ್ಯುಸಿ' ಎಂದು ಕಾಣುತ್ತವೆ. ಯಾರ ಕಛೇರಿ, ಎಲ್ಲಿ, ಒಂದೂ ಇಲ್ಲ. ಇನ್ನೊಂದು ವಿಷಯ ನನಗೆ ತಿಂಗಳಾದ ಮೇಲೆ ಗೊತ್ತಾಯಿತು: ಸ್ವಂತ ಕ್ಯಾಲೆಂಡರಿನ ಐಡಿ ಎಂದರೆ ನಿಮ್ಮ ಇಮೇಲ್ ವಿಳಾಸವೇ. ಎಂಬೆಡ್ ಕೋಡಿನ ಒಳಗೆ ಅದು ಇರುತ್ತದೆ. ಪುಟದ ಸೋರ್ಸ್, ಅಂದರೆ ಪುಟದ ಹಿಂದಿರುವ ಕೋಡ್, ನೋಡಿದ ಯಾರಿಗಾದರೂ ಸಿಗುತ್ತದೆ.

ಪರಿಹಾರ ಸುಲಭ, ಅದೇ ಹೊಟ್ಟೆ ಉರಿಸುವ ವಿಷಯ. ಕಂಪ್ಯೂಟರಿನ ಬ್ರೌಸರಿನಲ್ಲಿ ಗೂಗಲ್ ಕ್ಯಾಲೆಂಡರ್ ತೆರೆಯಿರಿ, ಫೋನಿನ ಆ್ಯಪ್‌ನಲ್ಲಿ ಹುಡುಕಿ ಒದ್ದಾಡಬೇಡಿ. ಎಡಗಡೆ 'ಅದರ್ ಕ್ಯಾಲೆಂಡರ್ಸ್' ಪಕ್ಕದ ಪ್ಲಸ್ ಗುರುತು ಒತ್ತಿ ಸಭೆಯ ಹೆಸರಿನಲ್ಲಿ ಹೊಸ ಕ್ಯಾಲೆಂಡರ್ ಮಾಡಿ. ಅದಕ್ಕೆ ಬೇರೆಯೇ ಉದ್ದನೆಯ ಐಡಿ ಬರುತ್ತದೆ, ನಿಮ್ಮ ವಿಳಾಸ ಕಾಣಿಸುವುದಿಲ್ಲ. ಹಳೇ ಕಾರ್ಯಕ್ರಮಗಳನ್ನು ಒಂದೊಂದಾಗಿ ತೆರೆದು ಅವುಗಳ ಕ್ಯಾಲೆಂಡರ್ ಬದಲಿಸಿ. ನಾನು ಒಂದು ರಾತ್ರಿ ಕೂತು ಮಾಡಿದೆ. ಸಭೆಯ ಕಾರ್ಯದರ್ಶಿಗೂ ತಿದ್ದುವ ಅನುಮತಿ ಕೊಡಿ, ಇಲ್ಲದಿದ್ದರೆ ಪ್ರತಿ ಸಲ ನಿಮಗೇ ಫೋನ್. ಆಮೇಲೆ ಈ ಹೊಸದನ್ನು ಮಾತ್ರ ಪಬ್ಲಿಕ್ ಮಾಡಿ. ಸಭೆಗೆ ಗೂಗಲ್ ವರ್ಕ್‌ಸ್ಪೇಸ್ ಖಾತೆ (ಸಂಸ್ಥೆಗಳಿಗೆಂದು ಗೂಗಲ್ ಕೊಡುವಂಥದ್ದು) ಇದ್ದರೆ, ವಿವರವನ್ನು ಹೊರಗಿನವರಿಗೆ ತೋರಿಸಲು ಅಡ್ಮಿನ್ ಬಿಡದೆ ಇರಬಹುದು. ಹಾಗಿದ್ದರೆ ಮೊದಲು ಅವರನ್ನು ಹಿಡಿಯಿರಿ.

ಪ್ಲಗಿನ್, ಅಂದರೆ ಸೈಟಿಗೆ ಸೇರಿಸುವ ಹೆಚ್ಚುವರಿ ತಂತ್ರಾಂಶ, ಹಾಕುವುದಾ ಎಂದೂ ಕೇಳಿದ್ದೀರಿ. ಬೇಡ. ಅದನ್ನು ಅಪ್‌ಡೇಟ್ ಮಾಡುತ್ತಾ ಇರಬೇಕು, ಮಾಡುವವರು ಯಾರು?

ಈಗ ನಿಮಗೆ ಇಷ್ಟವಾಗದ ಮಾತು. ತಿಂಗಳಿಗೆ ಎರಡು ಕಛೇರಿ ಅಂದಿರಿ. ಎರಡು ಕಛೇರಿಗೆ ಕ್ಯಾಲೆಂಡರ್ ಯಾಕೆ? ಮೂವತ್ತು ಚೌಕದ ಮನೆಯಲ್ಲಿ 28 ಖಾಲಿ. ನೋಡಿದವರಿಗೆ ಸಭೆ ಮುಚ್ಚಿದೆಯೇನೋ ಅನಿಸುತ್ತದೆ. ಎಂಬೆಡ್ ಕೋಡಿನಲ್ಲಿ ಸುಮ್ನೆ ಬರುವ ಅಗಲ 800 ಪಿಕ್ಸೆಲ್. ಫೋನಿನಲ್ಲಿ ಅರ್ಧ ಕ್ಯಾಲೆಂಡರ್ ಪರದೆಯ ಆಚೆ ಹೋಗುತ್ತದೆ, ನಿಮ್ಮ ಕೇಳುಗರಲ್ಲಿ ಓದುವ ಕನ್ನಡಕ ಹಾಕುವವರೇ ಜಾಸ್ತಿ ಅಲ್ವಾ? ಎಂಬೆಡ್ ಮಾಡಿದ ಚೌಕಟ್ಟಿನ (ಐಫ್ರೇಮ್) ಒಳಗಿನ ಬರಹ ನಿಮ್ಮ ಪುಟದ ಬರಹವಲ್ಲ, ಅದು ಗೂಗಲ್‌ನ ಪುಟ. ನಿಮ್ಮ ಸಭೆಯ ಕಛೇರಿಯನ್ನು ಹುಡುಕುವವರಿಗೆ ನಿಮ್ಮ ಸೈಟ್ ಸಿಗಬೇಕಾದರೆ ಮಾಹಿತಿ ನಿಮ್ಮ ಪುಟದಲ್ಲೇ ಅಕ್ಷರದಲ್ಲಿ ಇರಬೇಕು. ನಾವು ಈಗ ಮುಖಪುಟದ ಮೇಲೆ ಮುಂದಿನ ಮೂರು ಪ್ರದರ್ಶನ ಕೈಯಲ್ಲೇ ಬರೆಯುತ್ತೇವೆ. ದಿನ, ವಾರ, ಸಂಜೆ ಎಷ್ಟು ಗಂಟೆ, ಯಾವ ಮಂದಿರ, ಟಿಕೆಟ್ ಎಷ್ಟು. ಐದು ನಿಮಿಷ. ಕ್ಯಾಲೆಂಡರ್ ನಮ್ಮ ತಾಲೀಮಿಗೆ ಮಾತ್ರ.

ರಾಮೋತ್ಸವಕ್ಕೆ ತಿಂಗಳಿಡೀ ದಿನಾ ಕಛೇರಿ ಇಡುವ ಸಭೆಯಾದರೆ ಮಾತು ಬೇರೆ, ಆಗ ಎಂಬೆಡ್ ಮಾಡಿ. ಆಗಲೂ 'ಕಸ್ಟಮೈಸ್' ಒತ್ತಿ ತಿಂಗಳ ನೋಟ ತೆಗೆದು 'ಅಜೆಂಡಾ' ಇಡಿ, ಪಟ್ಟಿಯ ಹಾಗೆ ಕಾಣುತ್ತದೆ. ಕಾಪಿ ಮಾಡಿದ ಕೋಡಿನಲ್ಲಿ ಅಗಲ ನೂರು ಶೇಕಡಾ ಮಾಡಿ. ಸಮಯವಲಯ ಕೋಲ್ಕತಾ ಎಂದಿದೆಯಾ ನೋಡಿ. ನಮ್ಮ ಪರಿಚಯದ ತಂಡದವರ ಖಾತೆಯನ್ನು ಕ್ಯಾಲಿಫೋರ್ನಿಯಾದಲ್ಲಿದ್ದ ಮಗ ಮಾಡಿಕೊಟ್ಟಿದ್ದ, ಸಂಜೆ ಆರೂವರೆಯ ನಾಟಕ ಸೈಟಿನಲ್ಲಿ ಬೆಳಿಗ್ಗೆ ಆರಕ್ಕೆ ಎಂದು ತೋರಿಸುತ್ತಿತ್ತು.

ಮುಗಿಸಿದ ಮೇಲೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ನೋಡಿ ಖುಷಿಪಡಬೇಡಿ. ಬ್ರೌಸರಿನ ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆಯಿರಿ, ಅಲ್ಲಿ ನಿಮ್ಮ ಲಾಗಿನ್ ಇರುವುದಿಲ್ಲ, ಇಲ್ಲವೇ ಪಕ್ಕದ ಮನೆಯವರ ಫೋನ್ ಕೇಳಿ. ಯಾರೂ ಸಿಗದಿದ್ದರೆ ಲಿಂಕ್ ನನಗೆ ಕಳಿಸಿ, ನೋಡಿ ಹೇಳುತ್ತೇನೆ.